ಪೋಸ್ಟ್‌ಫಿಕ್ಸ್ ಮೇಲ್ ಸರ್ವರ್‌ಗೆ ಐಪಿ ಬ್ಲಾಕ್‌ಲಿಸ್ಟ್ ಹಾಕುವುದು ಹೇಗೆ: ರಿಸಾಲ್ವರ್‌ನಿಂದ ಪೋಸ್ಟ್‌ಸ್ಕ್ರೀನ್‌ವರೆಗೆ

ಹೊಸ ಮೇಲ್ ಸರ್ವರ್‌ನ 25ನೇ ಪೋರ್ಟ್, ಅಂದರೆ ಹೊರಗಿನ ಮೇಲ್ ಬರುವ ಬಾಗಿಲು, ತೆರೆದು ಒಂದು ರಾತ್ರಿ ಹಾಗೇ ಬಿಟ್ಟು ನೋಡಿ. ಬೆಳಗ್ಗೆ ಲಾಗ್ ತೆಗೆದರೆ ಹೆಸರೇ ಕೇಳದ ಐಪಿಗಳು ಸಾಲುಗಟ್ಟಿ ಬಂದು ಹೋಗಿರುತ್ತವೆ. ಅವುಗಳಲ್ಲಿ ಹೆಚ್ಚಿನವು ವೈರಸ್ ಹೊಕ್ಕ ಮನೆ ಕಂಪ್ಯೂಟರ್‌ಗಳು, ಪಾಸ್‌ವರ್ಡ್ ಬದಲಿಸದೆ ಬಿಟ್ಟ ರೌಟರ್‌ಗಳು, ಸ್ಪ್ಯಾಮ್ ಕಳಿಸಲೆಂದೇ ಬಾಡಿಗೆಗೆ ತೆಗೆದುಕೊಂಡ ಸರ್ವರ್‌ಗಳು. ಇವುಗಳ ಮೇಲ್ ಒಳಗೆ ಬಿಟ್ಟುಕೊಂಡು, ಆಮೇಲೆ ಓದಿ ಸ್ಪ್ಯಾಮ್ ಎಂದು ತೀರ್ಮಾನಿಸುವುದು ದುಬಾರಿ ಕೆಲಸ. ಬಾಗಿಲಲ್ಲೇ ಐಪಿ ನೋಡಿ ವಾಪಸ್ ಕಳಿಸುವುದು ಅಗ್ಗ. ಕೆಟ್ಟ ಐಪಿಗಳ ಪಟ್ಟಿ, ಅಂದರೆ ಬ್ಲಾಕ್‌ಲಿಸ್ಟ್, ಇರುವುದು ಅದಕ್ಕೆ.

ನಾನು ನೋಡಿಕೊಳ್ಳುವುದು ಶಿವಮೊಗ್ಗದ ಒಂದು ಸಣ್ಣ ಸಂಸ್ಥೆಯ ಸರ್ವರ್. ಸುಮಾರು 40 ಮೇಲ್‌ಬಾಕ್ಸ್, ಡೆಬಿಯನ್ ಲಿನಕ್ಸ್, ಮೇಲ್ ಪಡೆದು ಕಳಿಸುವ ತಂತ್ರಾಂಶ ಪೋಸ್ಟ್‌ಫಿಕ್ಸ್. ಕೆಳಗಿನದೆಲ್ಲ ಆ ಗಾತ್ರದ ಸರ್ವರ್‌ಗೆ ಹೊಂದುವಂತೆ ಬರೆದದ್ದು. ಸೆಟ್ಟಿಂಗ್‌ಗಳ ಹೆಸರನ್ನು ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಫೈಲಿನಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ, ಅಂಡರ್‌ಸ್ಕೋರ್ ಇದ್ದಲ್ಲಿ ಅಂಡರ್‌ಸ್ಕೋರ್ ಹಾಕಿ. ಉದಾಹರಣೆಗೆ ಕೊಟ್ಟಿರುವ 203.0.113 ಮತ್ತು 198.51.100 ಸರಣಿಯ ಐಪಿಗಳು ದಾಖಲೆ ಬರೆಯಲೆಂದೇ ಮೀಸಲಿಟ್ಟವು, ಯಾರಿಗೂ ಸೇರಿದ್ದಲ್ಲ.

ಮೊದಲು, ಇದು ಕೆಲಸ ಮಾಡುವ ಬಗೆ

ಹೆಸರು ಕೊಟ್ಟರೆ ಐಪಿ ಹೇಳುವ ಡಿಎನ್‌ಎಸ್ ಮೂಲಕ ಕೇಳುವ ಬ್ಲಾಕ್‌ಲಿಸ್ಟ್‌ಗೆ ಡಿಎನ್‌ಎಸ್‌ಬಿಎಲ್ ಎನ್ನುತ್ತಾರೆ. ಪಾಲ್ ವಿಕ್ಸಿ 1997ರಲ್ಲಿ ಶುರು ಮಾಡಿದ ಆರ್‌ಬಿಎಲ್ ಈ ಜಾತಿಯ ಮೊದಲನೆಯದು. ಪೋಸ್ಟ್‌ಫಿಕ್ಸ್ ಸೆಟ್ಟಿಂಗ್‌ಗಳಲ್ಲಿ ಇವತ್ತಿಗೂ ಆ ಹೆಸರೇ ಉಳಿದುಕೊಂಡಿದೆ.

ನಿಮ್ಮ ಸರ್ವರ್‌ಗೆ 203.0.113.45 ಬಂದು ಕದ ತಟ್ಟಿತು ಎನ್ನಿ. ಪೋಸ್ಟ್‌ಫಿಕ್ಸ್ ಆ ಅಂಕಿಗಳನ್ನು ಹಿಂದುಮುಂದು ಮಾಡಿ, ಪಟ್ಟಿಯ ಹೆಸರನ್ನು (ಇಲ್ಲಿ ಸ್ಪ್ಯಾಮ್‌ಹೌಸ್ ಎಂಬ ಸಂಸ್ಥೆಯ ಝೆನ್ ಪಟ್ಟಿ) ಅಂಟಿಸಿ, 45.113.0.203.ಝೆನ್.ಸ್ಪ್ಯಾಮ್‌ಹೌಸ್.ಆರ್ಗ್ ಎಂಬ ಹೆಸರು ಇದೆಯೇ ಎಂದು ಡಿಎನ್‌ಎಸ್‌ನಲ್ಲಿ ವಿಚಾರಿಸುತ್ತದೆ. ಹಿಂದುಮುಂದು ಯಾಕೆ? ಐಪಿ ಬರೆಯುವುದು ಲ್ಯಾಂಡ್‌ಲೈನ್ ನಂಬರಿನ ಹಾಗೆ: ಮೊದಲು 08182, ಅಂದರೆ ಊರು, ಕೊನೆಗೆ ಮನೆ. ಡಿಎನ್‌ಎಸ್ ಹೆಸರು ಬರೆಯುವುದು ಅಂಚೆ ಲಕೋಟೆಯ ವಿಳಾಸದ ಹಾಗೆ: ಮೊದಲು ಮನೆ ನಂಬರು, ಕೊನೆಗೆ ಊರು. ಒಂದನ್ನು ಇನ್ನೊಂದರ ಜಾಗದಲ್ಲಿ ಇಡಬೇಕಾದರೆ ತಿರುಗಿಸಲೇಬೇಕು.

ಹೆಸರು ಇಲ್ಲ ಎಂದರೆ ಐಪಿ ಪಟ್ಟಿಯಲ್ಲಿಲ್ಲ. ಇದ್ದರೆ 127ರಿಂದ ಶುರುವಾಗುವ ಒಂದು ಉತ್ತರ ಬರುತ್ತದೆ. ಆ ಉತ್ತರದ ಕೊನೆಯ ಅಂಕಿಗೆ ಅರ್ಥವಿದೆ. ಸ್ಪ್ಯಾಮ್‌ಹೌಸ್‌ನ ಝೆನ್ ನಾಲ್ಕು ಪಟ್ಟಿಗಳನ್ನು ಒಟ್ಟುಗೂಡಿಸಿದ್ದು. 127.0.0.2 ಬಂದರೆ ಎಸ್‌ಬಿಎಲ್, ಅಂದರೆ ಸ್ಪ್ಯಾಮ್ ಮೂಲವೆಂದು ಗುರುತಾದ ಐಪಿ. 127.0.0.3 ಬಂದರೆ ಸಿಎಸ್‌ಎಸ್, ಅಂದರೆ ಕಳಿಸುವ ಮೇಲ್‌ನಿಂದ ಕೆಟ್ಟ ಹೆಸರು ಪಡೆದ ಐಪಿ. 4ರಿಂದ 7 ಎಕ್ಸ್‌ಬಿಎಲ್, ವೈರಸ್ ಹೊಕ್ಕ ಯಂತ್ರಗಳದ್ದು. 10 ಮತ್ತು 11 ಪಿಬಿಎಲ್. ಈ ಪಿಬಿಎಲ್ ತಪ್ಪಿತಸ್ಥರ ಪಟ್ಟಿಯೇ ಅಲ್ಲ. ಮನೆ ಬ್ರಾಡ್‌ಬ್ಯಾಂಡ್, ಮೊಬೈಲ್ ಡೇಟಾದಂಥ, ನೇರವಾಗಿ ಇನ್ನೊಂದು ಸರ್ವರ್‌ಗೆ ಮೇಲ್ ಕಳಿಸುವ ಅಗತ್ಯವೇ ಇಲ್ಲದ ಐಪಿಗಳ ಪಟ್ಟಿ. ಇದನ್ನು ಮರೆತರೆ ಏನಾಗುತ್ತದೆಂದು ಮುಂದೆ ಹೇಳುತ್ತೇನೆ, ನನಗೇ ಆದದ್ದು.

ಉತ್ತರ ಬಂತು ಅಂದಮಾತ್ರಕ್ಕೆ ಐಪಿ ಕೆಟ್ಟದ್ದು ಎಂದುಕೊಳ್ಳಬೇಡಿ. ಯಾವ ಉತ್ತರ ಬಂತು ಎನ್ನುವುದು ಮುಖ್ಯ. ಓಆರ್‌ಡಿಬಿ ಎಂಬ ಪಟ್ಟಿ 2006ರ ಡಿಸೆಂಬರ್‌ನಲ್ಲಿ ಮುಚ್ಚಿತು. ಜನ ಸೆಟ್ಟಿಂಗ್ ತೆಗೆಯಲಿಲ್ಲ, ವಿಚಾರಣೆ ಬರುತ್ತಲೇ ಇತ್ತು. 2008ರ ಮಾರ್ಚ್‌ನಲ್ಲಿ ಅದು ಕೇಳಿದ ಪ್ರತಿಯೊಂದು ಐಪಿಗೂ ‘ಇದೆ’ ಎನ್ನತೊಡಗಿತು. ಪಟ್ಟಿಯನ್ನು ಇನ್ನೂ ಇಟ್ಟುಕೊಂಡಿದ್ದ ಸರ್ವರ್‌ಗಳು ಬಂದ ಮೇಲನ್ನೆಲ್ಲ ವಾಪಸ್ ಕಳಿಸಿದವು. 2021ರ ಜನವರಿ ಕೊನೆಗೆ ಸ್ಪ್ಯಾಮ್‌ಕಾಪ್ ಎಂಬ ಇನ್ನೊಂದು ಪಟ್ಟಿಯ ಡೊಮೇನ್ ಅವಧಿ ಮುಗಿದು, ಯಾವ ಹೆಸರು ಕೇಳಿದರೂ ಒಂದು ಪಾರ್ಕಿಂಗ್ ಪುಟದ ಐಪಿ ಉತ್ತರವಾಗಿ ಬರತೊಡಗಿತು. 127.0.0.2 ಬಂದರೆ ಮಾತ್ರ ತಡೆ ಎಂದು ಬರೆದುಕೊಂಡಿದ್ದವರಿಗೆ ಏನೂ ಆಗಲಿಲ್ಲ. ಬರೀ ಹೆಸರು ಬರೆದಿದ್ದವರ ಫೋನು ದಿನವಿಡೀ ಬಡಿದುಕೊಂಡಿತು.

ಹಂತ 1: ಸ್ವಂತ ರಿಸಾಲ್ವರ್

ರಿಸಾಲ್ವರ್ ಎಂದರೆ ನಿಮ್ಮ ಪರವಾಗಿ ಡಿಎನ್‌ಎಸ್‌ನಲ್ಲಿ ವಿಚಾರಿಸಿ ಉತ್ತರ ತರುವ ತಂತ್ರಾಂಶ. ಹೆಚ್ಚಿನವರು ಎಡವುವುದು ಇಲ್ಲೇ, ಅದೂ ಗೊತ್ತಾಗದಂತೆ. ಸರ್ವರ್‌ನ ಡಿಎನ್‌ಎಸ್ 8.8.8.8 ಅಥವಾ 1.1.1.1ರಂಥ ಸಾರ್ವಜನಿಕ ರಿಸಾಲ್ವರ್ ಆಗಿದ್ದರೆ ಸ್ಪ್ಯಾಮ್‌ಹೌಸ್ ಉತ್ತರ ಕೊಡುವುದಿಲ್ಲ. ಲಕ್ಷಾಂತರ ಜನ ಒಂದೇ ರಿಸಾಲ್ವರ್ ಮೂಲಕ ಕೇಳಿದರೆ ಯಾರು ಎಷ್ಟು ಬಳಸುತ್ತಿದ್ದಾರೆಂದು ಅವರಿಗೆ ತಿಳಿಯುವುದಿಲ್ಲ. ಉಚಿತ ಸೇವೆ ಇರುವುದು ಕಡಿಮೆ ಪ್ರಮಾಣದ, ವಾಣಿಜ್ಯೇತರ ಬಳಕೆಗೆ. ಸಾರ್ವಜನಿಕ ರಿಸಾಲ್ವರ್‌ನಿಂದ ಕೇಳಿದರೆ 127.255.255.254 ಎಂಬ ದೋಷಸೂಚನೆ ಬರುತ್ತದೆ. ಮಿತಿ ಮೀರಿ ಕೇಳಿದರೆ 127.255.255.255. ಪಟ್ಟಿಯ ಹೆಸರು ತಪ್ಪಾಗಿ ಟೈಪ್ ಮಾಡಿದ್ದರೆ 127.255.255.252. ಉತ್ತರ ಯಾವುದೆಂದು ನೋಡದ ಸರ್ವರ್ ಇವನ್ನೂ ‘ಪಟ್ಟಿಯಲ್ಲಿದೆ’ ಎಂದೇ ಓದಿಕೊಂಡು ಒಳ್ಳೆಯ ಮೇಲನ್ನೂ ತಳ್ಳಿಬಿಡುತ್ತದೆ.

ಅನ್‌ಬೌಂಡ್ ಎಂಬ ರಿಸಾಲ್ವರ್ ಹಾಕಿಕೊಳ್ಳಿ. ಡೆಬಿಯನ್, ಉಬುಂಟುಗಳಲ್ಲಿ ‘ಆಪ್ಟ್ ಇನ್‌ಸ್ಟಾಲ್ ಅನ್‌ಬೌಂಡ್’ ಎಂದರೆ ಸಾಕು. ಅದರ ಸಂರಚನೆಯಲ್ಲಿ ‘ಫಾರ್ವರ್ಡ್-ಝೋನ್’ ಎಂಬ ಭಾಗ ಇರಬಾರದು. ಇದ್ದರೆ ನಿಮ್ಮ ಪ್ರಶ್ನೆಯನ್ನು ಅದು ಮತ್ತೆ ಯಾವುದೋ ದೊಡ್ಡ ರಿಸಾಲ್ವರ್‌ಗೇ ದಾಟಿಸುತ್ತದೆ, ಪಟ್ಟ ಶ್ರಮವೆಲ್ಲ ವ್ಯರ್ಥ. ಆಮೇಲೆ /ಇಟಿಸಿ/ರಿಸಾಲ್ವ್.ಕಾನ್ಫ್‌ನಲ್ಲಿ ನೇಮ್‌ಸರ್ವರ್ 127.0.0.1 ಎಂದು ಬರೆಯಿರಿ. ಉಬುಂಟುವಿನಲ್ಲಿ ಆ ಫೈಲು ಸಿಸ್ಟಂಡಿ-ರಿಸಾಲ್ವ್ಡ್ ಕಡೆಗೆ ಬೊಟ್ಟು ಮಾಡುವ ಕೊಂಡಿಯಾಗಿರುತ್ತದೆ. ಕೊಂಡಿ ತೆಗೆದು ನಿಜವಾದ ಫೈಲು ಇಡಿ.

ಡೆಬಿಯನ್‌ನಲ್ಲಿ ಇನ್ನೊಂದು ಗುಂಡಿ ಇದೆ. ಅಲ್ಲಿ ಪೋಸ್ಟ್‌ಫಿಕ್ಸ್‌ನ ಕೆಲವು ಭಾಗಗಳು ಕ್ರೂಟ್‌ನೊಳಗೆ, ಅಂದರೆ ಒಂದೇ ಫೋಲ್ಡರ್‌ಗೆ ಕೂಡಿಹಾಕಿದ ಸ್ಥಿತಿಯಲ್ಲಿ, ಓಡುತ್ತವೆ. ಅವು ಓದುವುದು /ವಾರ್/ಸ್ಪೂಲ್/ಪೋಸ್ಟ್‌ಫಿಕ್ಸ್ ಒಳಗಿರುವ ರಿಸಾಲ್ವ್.ಕಾನ್ಫ್‌ನ ನಕಲನ್ನು, ಮೂಲವನ್ನಲ್ಲ. ಪೋಸ್ಟ್‌ಫಿಕ್ಸ್ ಶುರುವಾಗುವಾಗ ಆ ನಕಲು ಆಗುತ್ತದೆ. ಹಾಗಾಗಿ ರಿಸಾಲ್ವರ್ ಬದಲಿಸಿದ ಮೇಲೆ ರೀಲೋಡ್ ಸಾಲದು, ರೀಸ್ಟಾರ್ಟ್ ಮಾಡಿ.

ಈಗ ಪರೀಕ್ಷೆ, ಡಿಎನ್‌ಎಸ್ ವಿಚಾರಿಸುವ ಡಿಗ್ ಆದೇಶದಿಂದ. ಬಹುತೇಕ ಎಲ್ಲ ಪಟ್ಟಿಗಳೂ ಪಾಲಿಸುವ ಒಂದು ನಿಯಮವಿದೆ, ಆರ್‌ಎಫ್‌ಸಿ 5782 ಎಂಬ ಇಂಟರ್‌ನೆಟ್ ದಾಖಲೆಯಲ್ಲಿ ಬರೆದಿಟ್ಟದ್ದು: 127.0.0.2 ಸದಾ ಪಟ್ಟಿಯಲ್ಲಿರಬೇಕು, 127.0.0.1 ಎಂದೂ ಇರಬಾರದು.

ಡಿಗ್ +ಶಾರ್ಟ್ 2.0.0.127.ಝೆನ್.ಸ್ಪ್ಯಾಮ್‌ಹೌಸ್.ಆರ್ಗ್
ಡಿಗ್ +ಶಾರ್ಟ್ 1.0.0.127.ಝೆನ್.ಸ್ಪ್ಯಾಮ್‌ಹೌಸ್.ಆರ್ಗ್

ಮೊದಲನೆಯದಕ್ಕೆ 127.0.0.2, 127.0.0.4, 127.0.0.10 ಎಂದು ಬರಬೇಕು. ಎರಡನೆಯದಕ್ಕೆ ಏನೂ ಬರಬಾರದು. ಸ್ವಂತ ರಿಸಾಲ್ವರ್ ಇದ್ದೂ 127.255.255.254 ಬಂದರೆ ನಿಮ್ಮ ವಿಪಿಎಸ್‌ನ (ಬಾಡಿಗೆ ಸರ್ವರ್) ರಿವರ್ಸ್ ಡಿಎನ್‌ಎಸ್, ಅಂದರೆ ಐಪಿ ಕೇಳಿದರೆ ಬರುವ ಹೆಸರು, ಬಾಡಿಗೆ ಕೊಟ್ಟವರ ಸಾಮಾನ್ಯ ಹೆಸರಲ್ಲೇ ಉಳಿದಿರಬಹುದು. ಅದನ್ನು ನಿಮ್ಮ ಮೇಲ್ ಸರ್ವರ್ ಹೆಸರಿಗೆ ಬದಲಿಸಿಕೊಳ್ಳಿ, ಹೇಗಿದ್ದರೂ ಬೇಕಾಗುವ ಕೆಲಸ. ಇಲ್ಲವೇ ಸ್ಪ್ಯಾಮ್‌ಹೌಸ್‌ನಲ್ಲಿ ನೋಂದಾಯಿಸಿ ಡಿಕ್ಯುಎಸ್ ಕೀ, ಅಂದರೆ ನಿಮ್ಮದೇ ಗುರುತಿನ ಗುಟ್ಟಿನ ಕೋಡ್, ತೆಗೆದುಕೊಳ್ಳಿ. ಕೀ ಪಟ್ಟಿಯ ಹೆಸರಿನ ಮುಂದೆ ಸೇರಿಕೊಳ್ಳುತ್ತದೆ. ಆಗ ತಿರಸ್ಕಾರದ ಸಂದೇಶದಲ್ಲಿ ಆ ಕೀ ಹೊರಗಿನವರಿಗೆ ಕಾಣದಂತೆ ‘ಪೋಸ್ಟ್‌ಸ್ಕ್ರೀನ್_ಡಿಎನ್‌ಎಸ್‌ಬಿಎಲ್_ರಿಪ್ಲೈ_ಮ್ಯಾಪ್’ ಬಳಸಿ ಮುಚ್ಚುವುದನ್ನು ಮರೆಯಬೇಡಿ.

ಹಂತ 2: ಪಟ್ಟಿ ಆರಿಸುವುದು

ಪಟ್ಟಿ ಹೆಚ್ಚಾದಷ್ಟೂ ಸ್ಪ್ಯಾಮ್ ಕಡಿಮೆ ಎಂದುಕೊಂಡು ಹತ್ತು ಹದಿನೈದು ಹೆಸರು ತುರುಕುವವರಿದ್ದಾರೆ. ಹಳೇ ಸಂರಚನೆ ನಕಲು ಮಾಡಿದವರ ಸರ್ವರ್‌ಗಳಲ್ಲಿ, 2024ರ ಜೂನ್‌ನಲ್ಲಿ ಮುಚ್ಚಿಹೋದ ಸಾರ್ಬ್ಸ್ ಈಗಲೂ ಸಿಗುತ್ತದೆ. ನನ್ನ ಲೆಕ್ಕದಲ್ಲಿ ಸಣ್ಣ ಸರ್ವರ್‌ಗೆ ಮೂರು ಸಾಕು.

ಝೆನ್ ಮುಖ್ಯ. ಇದೊಂದೇ ಇಟ್ಟರೂ ಹೆಚ್ಚಿನ ಕಸ ಬಾಗಿಲಲ್ಲೇ ನಿಲ್ಲುತ್ತದೆ. ಎರಡನೆಯದು ಬರಾಕುಡಾದ ಪಟ್ಟಿ. ಉಚಿತ, ಆದರೆ ನಿಮ್ಮ ರಿಸಾಲ್ವರ್ ಐಪಿಯನ್ನು ಮೊದಲು ನೋಂದಾಯಿಸಬೇಕು. ಮೂರನೆಯದು ಸ್ಪ್ಯಾಮ್‌ಕಾಪ್. ಬಳಕೆದಾರರ ದೂರುಗಳ ಮೇಲೆ ನಡೆಯುವ ಪಟ್ಟಿ ಇದು. ದೂರು ನಿಂತರೆ ಸುಮಾರು 24 ಗಂಟೆಯಲ್ಲಿ ಐಪಿ ತಾನಾಗಿ ಹೊರಬೀಳುತ್ತದೆ. ಚುರುಕು, ಆದರೆ ದೊಡ್ಡ ಮೇಲ್ ಕಂಪನಿಗಳ ಐಪಿ ಕೂಡ ಆಗೀಗ ಇದರಲ್ಲಿ ಸಿಕ್ಕಿಬೀಳುತ್ತದೆ. ಆದ್ದರಿಂದ ಇದೊಂದರ ಮಾತು ಕೇಳಿ ಯಾರನ್ನೂ ಹೊರಗೆ ಹಾಕಬೇಡಿ. ಒಂದು ಐಪಿ ತಪ್ಪು ಮಾಡಿತೆಂದು ಅದರ ಇಡೀ ನೆಟ್‌ವರ್ಕನ್ನೇ ಸೇರಿಸುವ ಪಟ್ಟಿಗಳೂ ಇವೆ. ಅವುಗಳಿಂದ ದೂರವಿರಿ.

ಇವುಗಳ ಜೊತೆಗೆ ಒಂದು ಒಳ್ಳೆಯವರ ಪಟ್ಟಿ: ಡಿಎನ್‌ಎಸ್‌ಡಬ್ಲ್ಯುಎಲ್. ಅದರಲ್ಲಿರುವ ಸರ್ವರ್‌ಗೆ ಅಂಕ ಕಳೆಯುತ್ತೇವೆ.

ಹಂತ 3: ಪೋಸ್ಟ್‌ಸ್ಕ್ರೀನ್ ಏರಿಸುವುದು

ಹಳೇ ವಿಧಾನದಲ್ಲಿ ‘ರಿಜೆಕ್ಟ್_ಆರ್‌ಬಿಎಲ್_ಕ್ಲೈಂಟ್’ ಎಂದು ಒಂದು ಸಾಲು ಬರೆದರೆ ಮುಗಿಯಿತು. ಆದರೆ ಅದು ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ ಎನ್ನುವ ನ್ಯಾಯ. ಒಂದು ಪಟ್ಟಿ ತಪ್ಪಿದರೆ ಮೇಲ್ ಹೋಯಿತು. ಪೋಸ್ಟ್‌ಫಿಕ್ಸ್ 2.8ರಿಂದ ಬಂದಿರುವ, ಬಾಗಿಲು ಕಾಯುವ ಪೋಸ್ಟ್‌ಸ್ಕ್ರೀನ್ ಎಂಬ ಭಾಗ ಪ್ರತಿ ಪಟ್ಟಿಗೂ ತೂಕ ಕೊಟ್ಟು, ಕೂಡಿ ಕಳೆದು, ಒಟ್ಟು ಅಂಕ ನೋಡುತ್ತದೆ.

ಮೊದಲು /ಇಟಿಸಿ/ಪೋಸ್ಟ್‌ಫಿಕ್ಸ್‌ನಲ್ಲಿರುವ ಸೆಟ್ಟಿಂಗ್ ಫೈಲುಗಳಾದ ಮೇನ್.ಸಿಎಫ್, ಮಾಸ್ಟರ್.ಸಿಎಫ್ ಎರಡನ್ನೂ ನಕಲು ಮಾಡಿಟ್ಟುಕೊಳ್ಳಿ. ಮಾಸ್ಟರ್.ಸಿಎಫ್‌ನಲ್ಲಿ ‘ಎಸ್‌ಎಂಟಿಪಿ ಐನೆಟ್’ ಎಂದು ಶುರುವಾಗಿ ‘ಎಸ್‌ಎಂಟಿಪಿಡಿ’ ಎಂದು ಮುಗಿಯುವ ಸಾಲಿನ ಮುಂದೆ ಹ್ಯಾಶ್ (ಸಾಲನ್ನು ನಿಷ್ಕ್ರಿಯ ಮಾಡುವ # ಚಿಹ್ನೆ) ಹಾಕಿ. ಅದರ ಕೆಳಗೇ ಹ್ಯಾಶ್ ಹಾಕಿಟ್ಟಿರುವ ನಾಲ್ಕು ಸಾಲುಗಳಿರುತ್ತವೆ: ಪೋಸ್ಟ್‌ಸ್ಕ್ರೀನ್ ಎಂದು ಮುಗಿಯುವ ‘ಎಸ್‌ಎಂಟಿಪಿ ಐನೆಟ್’, ‘ಎಸ್‌ಎಂಟಿಪಿಡಿ ಪಾಸ್’, ‘ಡಿಎನ್‌ಎಸ್‌ಬ್ಲಾಗ್’, ‘ಟಿಎಲ್‌ಎಸ್‌ಪ್ರಾಕ್ಸಿ’. ನಾಲ್ಕರ ಹ್ಯಾಶನ್ನೂ ತೆಗೆಯಿರಿ. ಒಂದು ಬಿಟ್ಟರೂ ಅರ್ಧಂಬರ್ಧ ಕೆಲಸ ಮಾಡುತ್ತದೆ. ಟಿಎಲ್‌ಎಸ್‌ಪ್ರಾಕ್ಸಿ ಮರೆತರೆ ಎನ್‌ಕ್ರಿಪ್ಶನ್ ಕೇಳುವ ಸರ್ವರ್‌ಗಳು ಅಲ್ಲೇ ಸಿಕ್ಕಿಕೊಳ್ಳುತ್ತವೆ.

ನಂತರ ಮೇನ್.ಸಿಎಫ್‌ನಲ್ಲಿ:

ಪೋಸ್ಟ್‌ಸ್ಕ್ರೀನ್_ಡಿಎನ್‌ಎಸ್‌ಬಿಎಲ್_ಸೈಟ್ಸ್ =
  ಝೆನ್.ಸ್ಪ್ಯಾಮ್‌ಹೌಸ್.ಆರ್ಗ್=127.0.0.[2..11]*3
  ಬಿ.ಬರಾಕುಡಾಸೆಂಟ್ರಲ್.ಆರ್ಗ್=127.0.0.2*2
  ಬಿಎಲ್.ಸ್ಪ್ಯಾಮ್‌ಕಾಪ್.ನೆಟ್=127.0.0.2*1
  ಲಿಸ್ಟ್.ಡಿಎನ್‌ಎಸ್‌ಡಬ್ಲ್ಯುಎಲ್.ಆರ್ಗ್=127.0.[0..255].[1..3]*-2
ಪೋಸ್ಟ್‌ಸ್ಕ್ರೀನ್_ಡಿಎನ್‌ಎಸ್‌ಬಿಎಲ್_ಥ್ರೆಶೋಲ್ಡ್ = 3
ಪೋಸ್ಟ್‌ಸ್ಕ್ರೀನ್_ಡಿಎನ್‌ಎಸ್‌ಬಿಎಲ್_ಆಕ್ಷನ್ = ಇಗ್ನೋರ್

ಸಮ ಚಿಹ್ನೆಯ ನಂತರ ಇರುವುದು ನಾವು ಒಪ್ಪುವ ಉತ್ತರ, ನಕ್ಷತ್ರದ ನಂತರ ಇರುವುದು ತೂಕ. ಝೆನ್ ಒಂದೇ 3 ಅಂಕ ಕೊಟ್ಟು ಗಡಿ ಮುಟ್ಟಿಸುತ್ತದೆ. ಬರಾಕುಡಾ, ಸ್ಪ್ಯಾಮ್‌ಕಾಪ್ ಎರಡೂ ಒಟ್ಟಿಗೆ ಹೇಳಿದರೆ ಮಾತ್ರ 3. ಝೆನ್‌ನಲ್ಲಿದ್ದೂ ಒಳ್ಳೆಯವರ ಪಟ್ಟಿಯಲ್ಲಿದ್ದರೆ 3ರಲ್ಲಿ 2 ಕಳೆದು 1, ಮೇಲ್ ಒಳಗೆ. ತೂಕ ನಿಮ್ಮಿಷ್ಟ, ಆದರೆ ಸ್ಪ್ಯಾಮ್‌ಕಾಪ್‌ಗೆ ಗಡಿಯಷ್ಟೇ ತೂಕ ಕೊಡಬೇಡಿ.

ಕೊನೆಯ ಸಾಲಿನಲ್ಲಿ ಇಗ್ನೋರ್ ಬರೆದದ್ದು ಬೇಕೆಂದೇ. ಒಂದು ವಾರ ಯಾರನ್ನೂ ತಡೆಯದೆ ಲಾಗ್ ಮಾತ್ರ ನೋಡಿ. ‘ಪೋಸ್ಟ್‌ಫಿಕ್ಸ್ ಚೆಕ್’ ಕೊಟ್ಟು ತಪ್ಪಿಲ್ಲವೆಂದು ಖಚಿತ ಮಾಡಿಕೊಂಡು ರೀಲೋಡ್ ಮಾಡಿ. /ವಾರ್/ಲಾಗ್/ಮೇಲ್.ಲಾಗ್‌ನಲ್ಲಿ ‘ಡಿಎನ್‌ಎಸ್‌ಬಿಎಲ್ ರ‍್ಯಾಂಕ್ 5 ಫಾರ್ [203.0.113.45]’ ಎಂಬಂಥ ಸಾಲುಗಳು ಬೀಳತೊಡಗುತ್ತವೆ. ಆ ಐಪಿಗಳನ್ನು ಆ ವಾರ ನಿಜಕ್ಕೂ ಬಂದ ಮೇಲುಗಳ ಜೊತೆ ಹೋಲಿಸಿ. ನನ್ನಲ್ಲಿ ಹೀಗೆ ನೋಡುವಾಗ ಗಡಿ ದಾಟಿದ್ದರಲ್ಲಿ ಒಂದೇ ಒಂದು ನಮಗೆ ಬೇಕಾದ್ದಿತ್ತು, ಹುಬ್ಬಳ್ಳಿಯ ಒಬ್ಬ ಬಿಡಿಭಾಗ ಸರಬರಾಜುದಾರರ ಬಿಲ್ಲು. ಅವರು ಅಗ್ಗದ ಹಂಚಿಕೆ ಹೋಸ್ಟಿಂಗ್‌ನಲ್ಲಿದ್ದರು, ಅದೇ ಐಪಿಯಲ್ಲಿ ಇನ್ಯಾರೋ ಸ್ಪ್ಯಾಮ್ ಕಳಿಸಿದ್ದರು.

ಹಂತ 4: ಸ್ವಂತ ಪಟ್ಟಿ

/ಇಟಿಸಿ/ಪೋಸ್ಟ್‌ಫಿಕ್ಸ್/ಪೋಸ್ಟ್‌ಸ್ಕ್ರೀನ್_ಆಕ್ಸೆಸ್.ಸಿಐಡಿಆರ್ ಎಂಬ ಫೈಲು ಮಾಡಿ. ಮೇಲಿನಿಂದ ಕೆಳಕ್ಕೆ ಓದಿ, ಮೊದಲು ಹೊಂದಿದ ಸಾಲಿಗೇ ನಿಲ್ಲುತ್ತದೆ. ಆದ್ದರಿಂದ ಬಿಡಬೇಕಾದವರು ಮೇಲೆ, ತಡೆಯಬೇಕಾದವರು ಕೆಳಗೆ. /32 ಎಂದರೆ ಒಂದೇ ಐಪಿ, /24 ಎಂದರೆ 256 ಐಪಿಗಳ ಗುಂಪು.

203.0.113.45/32 ಪರ್ಮಿಟ್
203.0.113.0/24 ರಿಜೆಕ್ಟ್
198.51.100.7/32 ರಿಜೆಕ್ಟ್

ಮೇನ್.ಸಿಎಫ್‌ನಲ್ಲಿ ‘ಪೋಸ್ಟ್‌ಸ್ಕ್ರೀನ್_ಆಕ್ಸೆಸ್_ಲಿಸ್ಟ್’ಗೆ ಮೊದಲು ‘ಪರ್ಮಿಟ್_ಮೈನೆಟ್‌ವರ್ಕ್ಸ್’, ನಂತರ ‘ಸಿಐಡಿಆರ್:’ ಸೇರಿಸಿ ಈ ಫೈಲಿನ ದಾರಿ ಕೊಡಿ. ಇದರ ಜೊತೆ ‘ಪೋಸ್ಟ್‌ಸ್ಕ್ರೀನ್_ಡಿನೈಲಿಸ್ಟ್_ಆಕ್ಷನ್ = ಎನ್‌ಫೋರ್ಸ್’ ಬರೆಯಲೇಬೇಕು. ಮೂಲ ಬೆಲೆ ಇಗ್ನೋರ್ ಆದ್ದರಿಂದ ಬರೆಯದಿದ್ದರೆ ನಿಮ್ಮ ರಿಜೆಕ್ಟ್ ಸಾಲುಗಳು ಸುಮ್ಮನೆ ಕೂತಿರುತ್ತವೆ. ಪೋಸ್ಟ್‌ಫಿಕ್ಸ್ 3.6ಕ್ಕಿಂತ ಹಿಂದಿನದಾದರೆ ಡಿನೈಲಿಸ್ಟ್ ಬದಲು ಬ್ಲ್ಯಾಕ್‌ಲಿಸ್ಟ್ ಎಂದಿರುತ್ತದೆ.

ಸಿಐಡಿಆರ್ ಫೈಲಿಗೆ ಪೋಸ್ಟ್‌ಮ್ಯಾಪ್ ಓಡಿಸಿ ಡೇಟಾಬೇಸ್ ಮಾಡುವ ಅಗತ್ಯವಿಲ್ಲ, ರೀಲೋಡ್ ಸಾಕು. ಆದರೆ ಪರೀಕ್ಷೆಗೆ ಪೋಸ್ಟ್‌ಮ್ಯಾಪ್ ಉಪಯೋಗಕ್ಕೆ ಬರುತ್ತದೆ: ‘ಪೋಸ್ಟ್‌ಮ್ಯಾಪ್ -ಕ್ಯು 203.0.113.45 ಸಿಐಡಿಆರ್:’ ಎಂದು ಫೈಲಿನ ದಾರಿ ಕೊಟ್ಟರೆ ಯಾವ ತೀರ್ಪು ಬರುತ್ತದೆಂದು ತೋರಿಸುತ್ತದೆ.

ಪ್ರತಿ ಸಾಲಿನ ಮೇಲೆ ಹ್ಯಾಶ್ ಹಾಕಿ ದಿನಾಂಕ, ಕಾರಣ ಬರೆಯಿರಿ. ಎರಡು ವರ್ಷದ ನಂತರ ಈ /24 ಯಾಕೆ ಇಲ್ಲಿದೆ ಎಂದು ನಿಮಗೇ ನೆನಪಿರುವುದಿಲ್ಲ, ಅಷ್ಟರಲ್ಲಿ ಆ ಐಪಿಗಳು ಬೇರೆಯವರ ಕೈಗೆ ಹೋಗಿರುತ್ತವೆ. ಐಪಿವಿ6 ಆದರೆ ಒಂದೊಂದೇ ವಿಳಾಸ ತಡೆಯುವುದು ವ್ಯರ್ಥ, ಒಬ್ಬನಿಗೇ ಕೋಟ್ಯಂತರ ವಿಳಾಸ ಇರುತ್ತವೆ, /64 ಲೆಕ್ಕದಲ್ಲಿ ತಡೆಯಿರಿ. ಸಿಟ್ಟಿನಲ್ಲಿ ಇಡೀ ದೇಶವನ್ನೇ ತಡೆಯುವ ಸ್ಕ್ರಿಪ್ಟ್‌ಗಳು ಬೇಕಾದಷ್ಟು ಸಿಗುತ್ತವೆ. ಜರ್ಮನಿಯಲ್ಲಿ ಓದುತ್ತಿರುವ ನಿಮ್ಮೂರ ಹುಡುಗಿ ಅಲ್ಲಿನ ವಿಶ್ವವಿದ್ಯಾಲಯದ ಮೇಲ್‌ನಿಂದ ಬರೆದರೆ ಅದೂ ಹೋಯಿತು.

ಹಂತ 5: 587 ಮತ್ತು 465 ಅನ್ನು ಮುಟ್ಟಬೇಡಿ

ಈ ಎರಡು ಪೋರ್ಟ್‌ಗಳು ನಿಮ್ಮ ಬಳಕೆದಾರರು ಲಾಗಿನ್ ಆಗಿ ಮೇಲ್ ಕಳಿಸುವವು. ಪಿಬಿಎಲ್ ಮರೆತು ನನಗೆ ಆದದ್ದು ಇಲ್ಲಿ. ಪೋಸ್ಟ್‌ಸ್ಕ್ರೀನ್‌ಗೆ ಮೊದಲಿನ ದಿನಗಳವು. ‘ರಿಜೆಕ್ಟ್_ಆರ್‌ಬಿಎಲ್_ಕ್ಲೈಂಟ್’ ಅನ್ನು ಮೇನ್.ಸಿಎಫ್‌ನ ‘ಎಸ್‌ಎಂಟಿಪಿಡಿ_ಕ್ಲೈಂಟ್_ರಿಸ್ಟ್ರಿಕ್ಷನ್ಸ್’ನಲ್ಲಿ ಹಾಕಿ ಶನಿವಾರ ಸಂಜೆ ಮನೆಗೆ ಹೋದೆ. ಸೋಮವಾರ ಬೆಳಗ್ಗೆ ಅಕೌಂಟ್ಸ್‌ನ ಮೇಡಂ ಫೋನು: “ಸರ್, ಆಫೀಸಿಂದ ಕಳಿಸಿದ್ರೆ ಮೇಲ್ ಹೋಗತ್ತೆ, ಮನೆಯಿಂದ ಕಳಿಸಿದ್ರೆ ಹೋಗಲ್ಲ. ಪಾಸ್‌ವರ್ಡ್ ಸರಿಯಾಗೇ ಇದೆ, ಮೂರು ಸಲ ಹಾಕಿದೀನಿ.” ಲಾಗ್ ತೆಗೆದರೆ 554 5.7.1, ಅವರ ಬ್ರಾಡ್‌ಬ್ಯಾಂಡ್ ಐಪಿ, ಝೆನ್, ಉತ್ತರ 127.0.0.11. ಪಿಬಿಎಲ್. ಲಾಗಿನ್ ಆದವರಿಗೆ ವಿನಾಯಿತಿ ಕೊಡುವ ಸಾಲನ್ನು ನಾನು ಅದಕ್ಕಿಂತ ಮೇಲೆ ಬರೆದಿರಲಿಲ್ಲ. ಪಟ್ಟಿಯದ್ದೇನೂ ತಪ್ಪಿರಲಿಲ್ಲ, ಮನೆ ಐಪಿಯನ್ನು ಮನೆ ಐಪಿ ಎಂದೇ ಹೇಳಿತ್ತು.

ಪೋಸ್ಟ್‌ಸ್ಕ್ರೀನ್ ಕೂರುವುದು 25ನೇ ಪೋರ್ಟಿನಲ್ಲಿ ಮಾತ್ರ. ನಿಮ್ಮವರೆಲ್ಲ 587 ಅಥವಾ 465ರಲ್ಲಿ ಲಾಗಿನ್ ಆಗಿ ಕಳಿಸುತ್ತಿದ್ದರೆ ಈ ತೊಂದರೆ ಇಲ್ಲ. ಆದರೆ ಹಳೇ ಫೋನು, ಸ್ಕ್ಯಾನರ್, ಪ್ರಿಂಟರ್‌ಗಳಲ್ಲಿ ಯಾರೋ 25 ಹಾಕಿಟ್ಟಿರುತ್ತಾರೆ. ಎನ್‌ಫೋರ್ಸ್ ಮಾಡುವ ಮುನ್ನ ಅವನ್ನು ಹುಡುಕಿ ಬದಲಿಸಿ. ಮಾಸ್ಟರ್.ಸಿಎಫ್‌ನ ಸಬ್‌ಮಿಷನ್ ಭಾಗದಲ್ಲಿ ‘ಎಸ್‌ಎಂಟಿಪಿಡಿ_ಕ್ಲೈಂಟ್_ರಿಸ್ಟ್ರಿಕ್ಷನ್ಸ್’ ಖಾಲಿ ಮಾಡಿ, ‘ಎಸ್‌ಎಂಟಿಪಿಡಿ_ರೆಸಿಪಿಯೆಂಟ್_ರಿಸ್ಟ್ರಿಕ್ಷನ್ಸ್’ಗೆ ‘ಪರ್ಮಿಟ್_ಎಸ್‌ಎಎಸ್‌ಎಲ್_ಆಥೆಂಟಿಕೇಟೆಡ್,ರಿಜೆಕ್ಟ್’ ಎಂದಷ್ಟೇ ಇಡಿ. ಪಾಸ್‌ವರ್ಡ್ ಊಹಿಸಲು ಬರುವವರನ್ನು ನೋಡಿಕೊಳ್ಳಲು ಫೇಲ್‌ಟುಬ್ಯಾನ್ ಇದೆ, ಅದು ಬೇರೆಯೇ ಕೆಲಸ.

ಹಂತ 6: ಜಾರಿ

ವಾರದ ಲಾಗ್ ತೃಪ್ತಿ ಕೊಟ್ಟಿತೇ? ಇಗ್ನೋರ್ ತೆಗೆದು ಎನ್‌ಫೋರ್ಸ್ ಬರೆಯಿರಿ. ಡ್ರಾಪ್ ಎಂಬ ಮೂರನೇ ಆಯ್ಕೆಯೂ ಇದೆ, ತಕ್ಷಣ ಸಂಪರ್ಕ ಕಡಿಯುತ್ತದೆ. ನಾನು ಬಳಸುವುದಿಲ್ಲ. ಎನ್‌ಫೋರ್ಸ್ ಆದರೆ ಯಾರಿಂದ ಯಾರಿಗೆ ಎಂಬುದು ಲಾಗ್‌ಗೆ ಬಿದ್ದ ಮೇಲೆ 550 ಕೊಟ್ಟು ಕಳಿಸುತ್ತದೆ. ನಾಳೆ ಒಬ್ಬರು ಬಂದು ‘ನನ್ನ ಮೇಲ್ ಬರಲಿಲ್ಲ’ ಎಂದಾಗ ಹುಡುಕಲು ಆ ವಿಳಾಸವೇ ಆಧಾರ. ‘ಪೋಸ್ಟ್‌ಸ್ಕ್ರೀನ್_ಗ್ರೀಟ್_ಆಕ್ಷನ್’ ಅನ್ನೂ ಎನ್‌ಫೋರ್ಸ್ ಮಾಡಿ. ಸರ್ವರ್ ನಮಸ್ಕಾರ ಹೇಳುವ ಮೊದಲೇ ಮಾತು ಶುರು ಮಾಡುವ ಅವಸರದ ಬಾಟ್‌ಗಳು 6 ಸೆಕೆಂಡಿನ ಕಾಯುವಿಕೆಯಲ್ಲೇ ಸಿಕ್ಕಿಬೀಳುತ್ತವೆ. ಅದಕ್ಕೂ ಮುಂದಿನ ಆಳದ ಪರೀಕ್ಷೆಗಳನ್ನು ಹಚ್ಚಬೇಡಿ, ಹೊಸ ಸರ್ವರ್‌ಗಳ ಒಳ್ಳೆಯ ಮೇಲ್ ಕೂಡ ತಡವಾಗಿ ಬರುತ್ತದೆ.

ಎರಡೂ ಕಡೆ ಬ್ಲಾಕ್‌ಲಿಸ್ಟ್ ಇಡಬೇಡಿ. ಪೋಸ್ಟ್‌ಸ್ಕ್ರೀನ್ ಜೊತೆಗೆ ಹಳೇ ‘ರಿಜೆಕ್ಟ್_ಆರ್‌ಬಿಎಲ್_ಕ್ಲೈಂಟ್’ ಸಾಲು ಉಳಿದಿದ್ದರೆ, ನೀವು ಪರ್ಮಿಟ್ ಕೊಟ್ಟ ಹುಬ್ಬಳ್ಳಿಯವರು ಮೊದಲ ಬಾಗಿಲು ದಾಟಿ ಎರಡನೆಯದರಲ್ಲಿ ಸಿಕ್ಕಿಬೀಳುತ್ತಾರೆ. ಮೊದಲ ಫೈಲನ್ನೇ ನೋಡುತ್ತಾ ಅರ್ಧ ದಿನ ತಲೆ ಕೆರೆದುಕೊಳ್ಳುವಿರಿ.

ಹಂತ 7: ದೂರು ಬಂದಾಗ

ಮೇಲ್ ಕಳಿಸಿದವರಿಗೆ ವಾಪಸ್ ಬಂದ ಸಂದೇಶವನ್ನು ಪೂರ್ತಿ ತರಿಸಿಕೊಳ್ಳಿ, ಸ್ಕ್ರೀನ್‌ಶಾಟ್ ಬೇಡ. ಅದರಲ್ಲಿರುವ ಐಪಿ ಹಿಡಿದು ಲಾಗ್‌ನಲ್ಲಿ ಹುಡುಕಿ, ಆಮೇಲೆ ಡಿಗ್‌ನಿಂದ ಪ್ರತಿ ಪಟ್ಟಿಯನ್ನೂ ಕೈಯಾರೆ ಕೇಳಿ. ಎಕ್ಸ್‌ಬಿಎಲ್ ಬಂದರೆ ಅವರ ಕಚೇರಿಯ ಯಾವುದೋ ಯಂತ್ರಕ್ಕೆ ನಿಜಕ್ಕೂ ಸೋಂಕು ತಗಲಿರಬಹುದು, ತಿಳಿಸಿ. ಪಿಬಿಎಲ್ ಬಂದರೆ ಅವರು ಬ್ರಾಡ್‌ಬ್ಯಾಂಡ್ ಐಪಿಯಿಂದಲೇ ಸರ್ವರ್ ನಡೆಸುತ್ತಿದ್ದಾರೆ. ಸ್ಥಿರ ಐಪಿ ಆಗಿದ್ದರೆ ಸ್ಪ್ಯಾಮ್‌ಹೌಸ್‌ನ ತಾಣದಲ್ಲಿ ಅವರೇ ಅದನ್ನು ತೆಗೆಸಿಕೊಳ್ಳಬಹುದು. ಅಲ್ಲಿಯವರೆಗೆ ನಿಮ್ಮ ಫೈಲಿನಲ್ಲಿ ಪರ್ಮಿಟ್ ಕೊಡಿ, ಪಕ್ಕದಲ್ಲಿ ದಿನಾಂಕ ಬರೆದು.

ಕೊನೆಗೊಂದು ಕ್ರಾನ್ ಕೆಲಸ, ಅಂದರೆ ನಿಗದಿತ ಹೊತ್ತಿಗೆ ತಾನಾಗಿ ಓಡುವಂಥದ್ದು. ದಿನಕ್ಕೊಮ್ಮೆ ಪ್ರತಿ ಬ್ಲಾಕ್‌ಲಿಸ್ಟ್‌ಗೂ 127.0.0.2 ಮತ್ತು 127.0.0.1 ಎರಡನ್ನೂ ಕೇಳುವ ನಾಲ್ಕು ಸಾಲಿನ ಸ್ಕ್ರಿಪ್ಟ್. ಮೊದಲನೆಯದಕ್ಕೆ ಉತ್ತರ ಬರದಿದ್ದರೆ, ಇಲ್ಲವೇ 127.255ರ ದೋಷಸೂಚನೆ ಬಂದರೆ, ಆ ಪಟ್ಟಿ ಸತ್ತಿದೆ ಅಥವಾ ನಿಮ್ಮನ್ನು ತಡೆದಿದೆ. ಎರಡನೆಯದಕ್ಕೆ ದೋಷಸೂಚನೆ ಅಲ್ಲದ ಉತ್ತರ ಬಂದರೆ ಅದಕ್ಕೆ ಓಆರ್‌ಡಿಬಿಯ ಗತಿ ಬಂದಿದೆ, ಆ ಸಾಲಿಗೆ ತಕ್ಷಣ ಹ್ಯಾಶ್ ಹಾಕಿ. ನನ್ನ ಸ್ಕ್ರಿಪ್ಟ್ ಸುದ್ದಿ ಮುಟ್ಟಿಸುವುದು ಟೆಲಿಗ್ರಾಂಗೆ. ಮೊದಲು ಮೇಲ್‌ಗೇ ಕಳಿಸುತ್ತಿದ್ದೆ. ಮೇಲ್ ಕೆಟ್ಟಿದೆ ಎಂಬ ಮೇಲ್‌ಗೆ ಕಾಯುತ್ತಾ ಕೂತಿದ್ದೆ ಎಂಬುದು ಹೊಳೆಯಲು ಸ್ವಲ್ಪ ದಿನ ಹಿಡಿಯಿತು.